'ಬೇಡ' ಅಂದವರ ಕಥೆಯನ್ನೂ ಮಕ್ಕಳಿಗೆ ಹೇಳೋಣ

ಕರ್ನಾಟಕದ ಶಾಸಕರಿಗೆ, ಶಿಕ್ಷಣ ಸಚಿವರಿಗೆ ಮತ್ತು ಪಠ್ಯಪುಸ್ತಕ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರ್. ಈ ಕೆಲಸಕ್ಕೆ ಸೇರಿ 22 ವರ್ಷ ಆಯಿತು. ಸಂವಿಧಾನದ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೆ ಆ ಪಾಠವನ್ನು ಅರ್ಧ ಮಾತ್ರ ಮಾಡುತ್ತಿದ್ದೆ ಅಂತ ಗೊತ್ತಾಗಿದ್ದು ಒಬ್ಬಳು ಹುಡುಗಿಯಿಂದ. ಅದಕ್ಕೇ ಈ ಪತ್ರ.

2023ರಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸಬೇಕು ಅಂತ ಆಯಿತಲ್ಲ, ಅಂದಿನಿಂದ ನಾವೂ ಬೆಳಿಗ್ಗೆ ಪ್ರೇಯರ್ ಆದಮೇಲೆ ಓದಿಸುತ್ತೇವೆ. ಒಬ್ಬರು ಮುಂದೆ ನಿಂತು ಒಂದೊಂದು ಸಾಲು ಹೇಳುತ್ತಾರೆ. ಉಳಿದವರು ಬಲಗೈ ಮುಂದೆ ಚಾಚಿ ಅದನ್ನೇ ಹೇಳುತ್ತಾರೆ. ಎಂಟನೇ ಕ್ಲಾಸಿನ ಮಕ್ಕಳಿಗೆ 'ಸಾರ್ವಭೌಮ' ಬಾಯಲ್ಲಿ ತಿರುಗೋದಿಲ್ಲ. ಮೂರನೇ ಸಾಲಿನ ಹೊತ್ತಿಗೆ ಕೈ ನೋಯುತ್ತೆ, ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ನಿಲ್ಲುತ್ತಾರೆ. ಆದರೂ ಇನ್ನೂರು ಮಕ್ಕಳು ಒಟ್ಟಿಗೆ 'ಭಾರತದ ಜನತೆಯಾದ ನಾವು' ಅಂದಾಗ ನನಗೆ ಈಗಲೂ ಮೈ ಜುಮ್ ಅನ್ನುತ್ತೆ. ಓದಿಸಬೇಕು ಅಂದವರು ಒಳ್ಳೆಯ ಕೆಲಸ ಮಾಡಿದಿರಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹೋದ ನವೆಂಬರ್ 26ಕ್ಕೆ, ಸಂವಿಧಾನ ದಿನದಂದು, ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು. "ಮಿಸ್, ಇದನ್ನ ಬರೆಯುವಾಗ ಯಾರೂ ಬೇಡ ಅನ್ನಲೇ ಇಲ್ವಾ?"

ಪುಸ್ತಕ ತಿರುವಿದೆ. 2 ವರ್ಷ 11 ತಿಂಗಳು 18 ದಿನ ಅಂತ ಇತ್ತು. 395 ವಿಧಿ, 8 ಅನುಸೂಚಿ ಅಂತ ಇತ್ತು. ಕರಡು ಸಮಿತಿಯವರ ಹೆಸರುಗಳಿದ್ದವು. ಬೇಡ ಅಂದವರು ಎಲ್ಲೂ ಇರಲಿಲ್ಲ. ಎಲ್ಲರೂ ಕೂತರು, ಬರೆದರು, ಸಹಿ ಹಾಕಿದರು ಅನ್ನೋ ಹಾಗೆ ಇತ್ತು ಪಾಠ. ಅಷ್ಟು ಸಲೀಸಾಗಿದ್ದರೆ ಮೂರು ವರ್ಷ ಯಾಕೆ ಬೇಕಿತ್ತು, ಅಲ್ವಾ? ಆ ಹುಡುಗಿಗೆ "ನಾಳೆ ಹೇಳ್ತೀನಮ್ಮ" ಅಂದೆ. ಅವತ್ತು ರಾತ್ರಿಯಿಂದ ಸಂವಿಧಾನ ಸಭೆಯ ನಡಾವಳಿಗಳನ್ನು ಫೋನಿನಲ್ಲಿ ಓದಲು ಶುರು ಮಾಡಿದೆ. ಒಟ್ಟು ಹನ್ನೆರಡು ಸಂಪುಟ. ಇನ್ನೂ ಮುಗಿದಿಲ್ಲ.

ಮೊದಲು ಸಿಕ್ಕಿದ್ದೇ ಪೀಠಿಕೆಯ ಜಗಳ.

1949ರ ಅಕ್ಟೋಬರ್ 17. ಪೀಠಿಕೆ ಚರ್ಚೆಗೆ ಬಂತು. ಎಚ್.ವಿ. ಕಾಮತ್ ಎದ್ದು ನಿಂತು, 'ದೇವರ ಹೆಸರಿನಲ್ಲಿ' ಅಂತ ಶುರುವಾಗಬೇಕು ಅಂದರು. ಕಾಮತ್ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ. ಸಭೆಗೆ ಬಂದಿದ್ದು ಮಧ್ಯ ಪ್ರಾಂತ್ಯದಿಂದ. ಇನ್ನೊಬ್ಬರು ಎದ್ದು, ದೇವರು ಅಂದರೆ ಸಾಲದು, ದೇವಿಯೂ ಬರಬೇಕು ಅಂದರು. ಮತ್ತೊಬ್ಬರು ಗಾಂಧೀಜಿಯ ಹೆಸರೂ ಇರಲಿ ಅಂದರು. ನಂಬಿಕೆ ಅವರವರ ಮನಸ್ಸಿಗೆ ಬಿಟ್ಟಿದ್ದು, ಅದನ್ನು ಎಲ್ಲರ ಮೇಲೆ ಹೇರಬಾರದು ಅಂತ ಕೆಲವರು ವಿರೋಧಿಸಿದರು. ಸಭೆಯಲ್ಲಿದ್ದ ಹದಿನೈದು ಹೆಣ್ಣುಮಕ್ಕಳಲ್ಲಿ ಒಬ್ಬರಾದ ಪೂರ್ಣಿಮಾ ಬ್ಯಾನರ್ಜಿ ಎದ್ದು, ದೇವರ ಮೇಲೆ ವೋಟು ಹಾಕುವ ಮುಜುಗರಕ್ಕೆ ನಮ್ಮನ್ನು ತಳ್ಳಬೇಡಿ ಅಂತ ಕಾಮತರನ್ನು ಕೇಳಿಕೊಂಡರು. ಕಾಮತ್ ಒಪ್ಪಲಿಲ್ಲ. ವೋಟಾಯಿತು. ದೇವರ ಹೆಸರು ಇರಲಿ ಅಂದವರು 41. ಬೇಡ ಅಂದವರು 68.

ನಮ್ಮ ಮಕ್ಕಳು ಬೆಳಿಗ್ಗೆ ಹೇಳುವ ಮೊದಲ ಸಾಲು 'ಭಾರತದ ಜನತೆಯಾದ ನಾವು' ಅಂತ ಶುರುವಾಗೋದು ಇಂಥ ಒಂದು ಎಣಿಕೆ ಆದಮೇಲೆ. ಆ ಎಣಿಕೆಯಲ್ಲಿ ಮನಸ್ಸಿಗೆ ನೋವಾದವರು ಇದ್ದರು. ಸೋತ ಮೇಲೆ ಕಾಮತ್, ಇದು ನಮ್ಮ ಚರಿತ್ರೆಯಲ್ಲಿ ಕರಾಳ ದಿನ ಅಂದುಬಿಟ್ಟರು.

ಇದರ ಇನ್ನೊಂದು ಭಾಗ ನಿಮಗೇ ಸಂಬಂಧಪಟ್ಟಿದ್ದು. ಅದಕ್ಕೆ ಹತ್ತು ತಿಂಗಳ ಹಿಂದೆ, 1948ರ ಡಿಸೆಂಬರ್ ಕೊನೆಯಲ್ಲಿ, ರಾಷ್ಟ್ರಪತಿಗಳ ಪ್ರಮಾಣವಚನದ ವಿಷಯ ಬಂದಿತ್ತು. ಅಲ್ಲೂ ಕಾಮತ್ ಮತ್ತು ಮಹಾವೀರ ತ್ಯಾಗಿ ದೇವರ ಹೆಸರು ಬೇಕು ಅಂದಿದ್ದರು. ಆವತ್ತು ಅಂಬೇಡ್ಕರ್ ಒಪ್ಪಿಕೊಂಡರು. ಆದರೆ ಎರಡು ದಾರಿ ಇಟ್ಟರು. ದೇವರನ್ನು ನಂಬುವವರು ದೇವರ ಹೆಸರಿನಲ್ಲಿ ಹೇಳಲಿ, ನಂಬದವರು ಸತ್ಯನಿಷ್ಠೆಯಿಂದ ಅಂತ ಹೇಳಲಿ. ಶಾಸಕರೇ, ನೀವು ಗೆದ್ದು ಬಂದು ವಿಧಾನಸೌಧದಲ್ಲಿ ನಿಂತು ಆ ಚೀಟಿ ಓದಿದಿರಲ್ಲ, ಅದರಲ್ಲಿ ಈ ಎರಡರಲ್ಲಿ ಒಂದು ಇತ್ತು. ಎಲ್ಲರೂ ಸೇರಿ ಹೇಳುವ ಮಾತಿನಲ್ಲಿ ದೇವರಿಲ್ಲ. ಒಬ್ಬೊಬ್ಬರೇ ನಿಂತು ಹೇಳುವ ಮಾತಿನಲ್ಲಿ ಅವರವರ ಇಷ್ಟ. ಇದಕ್ಕಿಂತ ಚೆಂದದ ರಾಜಿ ನಾನು ನೋಡಿಲ್ಲ. ಆದರೆ ಇದನ್ನು ಒಂದು ಮಗುವಿಗೂ ನಾವು ಹೇಳಿಕೊಟ್ಟಿಲ್ಲ.

ನಮ್ಮ ಕಡೆ 'ರಾಜಿ' ಅಂದರೆ ಮಕ್ಕಳಿಗೆ ಒಂದೇ ಅರ್ಥ. ಪೊಲೀಸ್ ಸ್ಟೇಷನ್ ಹತ್ತಿರ ಊರಿನ ದೊಡ್ಡವರು ಸೇರಿ, ಬಡವನ ಕೈಗೆ ಒಂದಿಷ್ಟು ದುಡ್ಡು ಕೊಟ್ಟು ಬಾಯಿ ಮುಚ್ಚಿಸೋದು. ಹಾಗಾಗಿ ಸಂವಿಧಾನದಲ್ಲೂ ರಾಜಿ ಇತ್ತು ಅಂದರೆ ಅವರಿಗೆ ಏನೋ ಮೋಸ ನಡೆದಿದೆ ಅನಿಸುತ್ತೆ. ಅಲ್ಲಮ್ಮ, ಹಾಗಲ್ಲ ಅಂತ ತಿಳಿಸಲು ನನಗೆ ಒಂದು ವಾರ ಹಿಡಿಯಿತು.

ಆ ವಾರ ನಮಗೆ ನೆರವಾಗಿದ್ದು 'ಹಿಂದುಳಿದ' ಅನ್ನೋ ಒಂದೇ ಒಂದು ಪದ.

1948ರ ನವೆಂಬರ್ 30. ಸರ್ಕಾರಿ ಕೆಲಸದಲ್ಲಿ ಸಮಾನ ಅವಕಾಶದ ವಿಧಿ, ಈಗಿನ 16ನೇ ವಿಧಿ, ಚರ್ಚೆಗೆ ಬಂತು. 'ಹಿಂದುಳಿದ ವರ್ಗ' ಅಂದರೆ ಯಾರು ಅಂತ ಒಬ್ಬರಾದ ಮೇಲೆ ಒಬ್ಬರು ಕೇಳಿದರು. ಉತ್ತರದ ಕಡೆಯ ಸದಸ್ಯರಿಗೆ ಆ ಮಾತೇ ಹೊಸದು. ಆಗ ಮೈಸೂರಿನಿಂದ ಹೋಗಿದ್ದ ಟಿ. ಚನ್ನಯ್ಯ ಎದ್ದು ನಿಂತರು. ನಮ್ಮ ದಕ್ಷಿಣದಲ್ಲಿ ಈ ಮಾತಿಗೆ ಅರ್ಥ ಇದೆ, ವಿದ್ಯೆಯಲ್ಲಿ ಹಿಂದೆ ಬಿದ್ದವರು, ಸಮಾಜದಲ್ಲಿ ಹಿಂದೆ ಬಿದ್ದವರು, ಅವರಿಗೆ ಕೆಲಸದಲ್ಲಿ ಪಾಲು ಬೇಕು ಅಂದರು. ಸುಮ್ನೆ ಹೇಳಿದ ಮಾತಲ್ಲ ಅದು. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡೋದು ಹೇಗೆ ಅಂತ ನೋಡಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲೇ ಮಿಲ್ಲರ್ ಸಮಿತಿ ಮಾಡಿದ್ದರು. ದೆಹಲಿಯಲ್ಲಿ ಅರ್ಥ ಹುಡುಕುತ್ತಿದ್ದ ಪದ ಮೈಸೂರಿನಲ್ಲಿ ಮೂವತ್ತು ವರ್ಷದಿಂದ ಬಳಕೆಯಲ್ಲಿತ್ತು.

ಕೊನೆಗೆ ಅಂಬೇಡ್ಕರ್ ಎದ್ದರು. ಅವರ ಉತ್ತರವನ್ನು ನಾನು ಬೋರ್ಡಿನ ಮೇಲೆ ಮೂರು ಗೆರೆ ಎಳೆದು ಮಕ್ಕಳಿಗೆ ತೋರಿಸಿದೆ. ಸಭೆಯಲ್ಲಿ ಮೂರು ಥರದ ಅಭಿಪ್ರಾಯ ಇದೆ ಅಂದರು ಅವರು. ಒಂದು, ಎಲ್ಲರಿಗೂ ಸಮಾನ ಅವಕಾಶ ಇರಬೇಕು. ಎರಡು, ಹಾಗಿರಬೇಕು ಅಂದಮೇಲೆ ಯಾರಿಗೂ ಮೀಸಲಾತಿ ಇರಬಾರದು. ಮೂರು, ತತ್ವ ಸರಿ, ಆದರೆ ಇಷ್ಟು ದಿನ ಆಡಳಿತದ ಒಳಗೆ ಕಾಲಿಡಲು ಬಿಡದ ಜನರಿಗೆ ಬಾಗಿಲು ತೆರೆಯಲೇಬೇಕು. ಕರಡು ಸಮಿತಿಯ ಕೆಲಸ ಈ ಮೂರೂ ಒಂದೇ ವಿಧಿಯಲ್ಲಿ ಕೂರುವ ಹಾಗೆ ಬರೆಯೋದು. ಮೀಸಲಾತಿ ಕೇಳುವವರ ಬೇಡಿಕೆಯನ್ನೆಲ್ಲ ಪೂರ್ತಿ ಒಪ್ಪಿಕೊಂಡು, ನೂರರಲ್ಲಿ 70 ಹುದ್ದೆ ಮೀಸಲಿಟ್ಟು 30 ಮಾತ್ರ ಉಳಿಸಿದರೆ, ಸಮಾನ ಅವಕಾಶ ಅನ್ನೋ ಮೊದಲ ಮಾತೇ ಉಳಿಯೋದಿಲ್ಲ. ಬಾಗಿಲೇ ತೆರೆಯದಿದ್ದರೆ ಆ ಮಾತಿಗೆ ಅರ್ಥವೇ ಇಲ್ಲ. ಹಾಗಾಗಿ 'ಹಿಂದುಳಿದ' ಅನ್ನೋ ಪದ ಅಲ್ಲಿ ಇರಲೇಬೇಕು ಅಂದರು. ವಿನಾಯಿತಿ ಬೆಳೆದು ನಿಯಮವನ್ನೇ ನುಂಗದ ಹಾಗೆ ಅದು ಕಾಯುತ್ತೆ. ಯಾರು ಹಿಂದುಳಿದವರು ಅನ್ನೋದನ್ನು ಆಯಾ ರಾಜ್ಯ ಸರ್ಕಾರ ತೀರ್ಮಾನಿಸಲಿ.

ಇದನ್ನು ಓದಿದಾಗ ನನಗೆ ಅನಿಸಿದ್ದು ಹೇಳುತ್ತೇನೆ. ಮೀಸಲಾತಿ ಬಗ್ಗೆ ನಮ್ಮ ಸ್ಟಾಫ್ ರೂಮಿನಲ್ಲಿ ಮಾತು ಬಂದರೆ ಅರ್ಧ ನಿಮಿಷಕ್ಕೆ ಮುಖ ಕೆಂಪಾಗುತ್ತೆ. ಕ್ಲಾಸಿನಲ್ಲೂ ಮಕ್ಕಳು ಮನೆಯಲ್ಲಿ ಕೇಳಿದ ಮಾತನ್ನು ತಂದು ಒಬ್ಬರ ಮೇಲೊಬ್ಬರು ಎಸೆಯುತ್ತಾರೆ. ಆದರೆ ಜೀವನವಿಡೀ ಅವಮಾನ ಉಂಡ ಮನುಷ್ಯ ತನಗೆ ಎದುರಾಗಿ ಮಾತಾಡಿದವರ ವಾದವನ್ನು, ಅವರಿಗಿಂತ ಚೆನ್ನಾಗಿ, ಮೊದಲು ತಾನೇ ಬಿಡಿಸಿ ಹೇಳಿದರು. ಆಮೇಲೆ ತನ್ನದನ್ನು ಹೇಳಿದರು. ಮಕ್ಕಳಿಗೆ ನಾನು ಅದನ್ನೇ ಮಾಡಿಸಿದೆ. ನಿನಗೆ ಒಪ್ಪಿಗೆ ಇಲ್ಲದ ಸಾಲನ್ನು ಮೊದಲು ನೀನೇ ಓದಿ ವಿವರಿಸು ಅಂದೆ. ಆ ಪೀರಿಯಡ್ ಬೆಲ್ ಹೊಡೆದ ಮೇಲೂ ಯಾರೂ ಏಳಲಿಲ್ಲ.

ಈಗ ಕೆಂಗಲ್ ಹನುಮಂತಯ್ಯನವರ ವಿಷಯ. ನೀವು ಕೂರುವ ಕಟ್ಟಡ ಕಟ್ಟಿಸಿದವರು. ಅವರೂ ಸಂವಿಧಾನ ಸಭೆಯಲ್ಲಿದ್ದರು. 1949ರ ನವೆಂಬರ್‌ನಲ್ಲಿ, ಕೆಲಸ ಮುಗಿಯುವ ಹೊತ್ತಿಗೆ ಅವರು ಮನಸ್ಸು ಬಿಚ್ಚಿ ಮಾತಾಡಿದರು. ನಮಗೆ ವೀಣೆಯೋ ಸಿತಾರೋ ಬೇಕಿತ್ತು, ಆದರೆ ಇಲ್ಲಿ ಕೇಳಿಸುತ್ತಿರುವುದು ಇಂಗ್ಲಿಷ್ ಬ್ಯಾಂಡು ಅಂದರು. ಗಾಂಧೀಜಿ ಕನಸು ಕಂಡಿದ್ದು ಇಂಥ ಸಂವಿಧಾನ ಅಲ್ಲ ಅನ್ನೋದು ಅವರ ನೋವು.

ಆ ನೋವಿಗೆ ಕಾರಣ ಇತ್ತು. 1948ರ ನವೆಂಬರ್ 4ರಂದು ಅಂಬೇಡ್ಕರ್ ಕರಡನ್ನು ಸಭೆಯ ಮುಂದಿಟ್ಟಾಗ, ಹಳ್ಳಿ ಅಂದರೆ ಅಜ್ಞಾನ, ಸಂಕುಚಿತ ಬುದ್ಧಿ, ಕೋಮುವಾದದ ಗೂಡು ಅಂದಿದ್ದರು. ಹಳ್ಳಿಯೇ ದೇಶ ಅಂತ ನಂಬಿದ್ದ ಗಾಂಧಿವಾದಿಗಳಿಗೆ ಅದು ತುಂಬಾ ನೋವು ಕೊಟ್ಟಿತು. ದಿನಗಟ್ಟಲೆ ಮಾತಾಡಿದರು. ಯಾರ ಮಾತು ಸರಿ? ನಾನು ಹಳ್ಳಿಯಲ್ಲೇ ಹುಟ್ಟಿದವಳು. ಇಬ್ಬರದ್ದೂ ಸರಿ ಅಂತ ನನಗೆ ಗೊತ್ತು. ಕೇರಿಯ ಮಕ್ಕಳಿಗೆ ನೀರನ್ನು ಮೇಲಿಂದ ಹುಯ್ಯುತ್ತಿದ್ದ ಊರೂ ಅದೇ, ಯಾರದೋ ಮನೆಗೆ ಬೆಂಕಿ ಬಿದ್ದರೆ ಕೊಡ ಹಿಡಿದು ಓಡಿ ಬರುತ್ತಿದ್ದ ಊರೂ ಅದೇ. ನವೆಂಬರ್ 22ರಂದು ಕೆ. ಸಂತಾನಂ ಒಂದು ತಿದ್ದುಪಡಿ ತಂದರು. ಸರ್ಕಾರ ಗ್ರಾಮ ಪಂಚಾಯಿತಿಗಳನ್ನು ಕಟ್ಟಬೇಕು, ಅವುಗಳಿಗೆ ಅಧಿಕಾರ ಕೊಡಬೇಕು ಅಂತ. ಅಂಬೇಡ್ಕರ್ ಒಂದೇ ಮಾತಿನಲ್ಲಿ ಒಪ್ಪಿಕೊಂಡರು. ಅದೇ 40ನೇ ವಿಧಿ. ಆದರೆ ಅದನ್ನು ಇಟ್ಟಿದ್ದು ನಿರ್ದೇಶಕ ತತ್ವಗಳಲ್ಲಿ, ಅಂದರೆ ಕೋರ್ಟಿಗೆ ಹೋಗಿ ಕೇಳಲು ಬರದ ಜಾಗದಲ್ಲಿ.

ಮೂವತ್ತೈದು ವರ್ಷ ಅದು ಅಲ್ಲೇ ಕೂತಿತ್ತು. ಅದಕ್ಕೆ ಜೀವ ಕೊಟ್ಟವರಲ್ಲಿ ನಮ್ಮವರೂ ಇದ್ದಾರೆ. 1983ರ ಕರ್ನಾಟಕದ ಕಾಯ್ದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಮಾಡಿತು, ನೂರಕ್ಕೆ 25 ಸ್ಥಾನ ಹೆಣ್ಣುಮಕ್ಕಳಿಗೆ ಇಟ್ಟಿತು. ಅದರ ಹಿಂದೆ ನಿಂತವರು ಅಬ್ದುಲ್ ನಜೀರ್ ಸಾಬ್. ಬೋರ್‌ವೆಲ್ ಕೊರೆಸಿ ಕೊರೆಸಿ ನೀರ್ ಸಾಬ್ ಅಂತಲೇ ಹೆಸರಾದವರು. ಇಡೀ ದೇಶಕ್ಕೆ ಇಂಥದ್ದು ಬಂದಿದ್ದು 73ನೇ ತಿದ್ದುಪಡಿಯಿಂದ, 1993ರಲ್ಲಿ. ನಮ್ಮ ಶಾಲೆಯ ಮಗುವೊಂದರ ಅಜ್ಜಿ ಹಿಂದೆ ಮಂಡಲ ಪಂಚಾಯಿತಿ ಸದಸ್ಯೆ ಆಗಿದ್ದರು. ಅವರನ್ನು ಕ್ಲಾಸಿಗೆ ಕರೆಸಿದ್ದೆ. ಮೊದಲ ಮೀಟಿಂಗಿನಲ್ಲಿ ಕುರ್ಚಿಯ ಮೇಲೆ ಕೂರಲು ಹೆದರಿ ಬಾಗಿಲ ಹತ್ತಿರ ನಿಂತಿದ್ದೆ, ಮೂರನೇ ಮೀಟಿಂಗಿಗೆ ಕೂತೆ ಅಂದರು. ಅಂಬೇಡ್ಕರ್ ಹೆದರಿದ್ದ ಹಳ್ಳಿ, ಗಾಂಧೀಜಿ ನಂಬಿದ್ದ ಹಳ್ಳಿ, ಎರಡೂ ಆ ಅಜ್ಜಿಯ ಮಾತಿನಲ್ಲಿ ಇದ್ದವು.

ಎಲ್ಲ ರಾಜಿಯೂ ಹೀಗೆ ಒಳ್ಳೆಯದೇ ಆಯಿತು ಅಂತ ನಾನು ಹೇಳೋದಿಲ್ಲ. ಮಕ್ಕಳಿಗೂ ಹೇಳಿಲ್ಲ. ಹಾಗೆ ಹೇಳಿದರೆ ಮತ್ತೆ ಅರ್ಧ ಪಾಠವೇ ಆಗುತ್ತೆ.

ಈ ವರ್ಷ ಪ್ರವಾಸಕ್ಕೆ ಬೆಂಗಳೂರಿಗೆ ಹೋದಾಗ ಮಕ್ಕಳನ್ನು ಫ್ರೀಡಂ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಹಳೇ ಸೆಂಟ್ರಲ್ ಜೈಲು ಅದು. ಕಾವಲು ಗೋಪುರದ ಕೆಳಗೆ ನಿಂತು 21 ಮತ್ತು 22ನೇ ವಿಧಿಯ ಕಥೆ ಹೇಳಿದೆ. ಒಬ್ಬ ಮನುಷ್ಯನ ಜೀವ, ಸ್ವಾತಂತ್ರ್ಯ ಕಸಿಯಬೇಕಾದರೆ 'ನ್ಯಾಯವಾದ ಕ್ರಮ' ಇರಬೇಕು ಅಂತ ಮೊದಲು ಬರೆಯಲು ಹೊರಟಿದ್ದರು. ಸಂವಿಧಾನ ಸಭೆಯ ಸಲಹೆಗಾರರು ಬಿ.ಎನ್. ರಾವ್. ಅವರೂ ಮಂಗಳೂರಿನಲ್ಲಿ ಹುಟ್ಟಿದವರೇ. ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಜೊತೆ ಮಾತಾಡಿ ಬಂದರು. ಹಾಗೆ ಬರೆದರೆ ಜನರು ಆರಿಸಿದ ಸಭೆ ಮಾಡಿದ ಕಾನೂನನ್ನು ಜಡ್ಜುಗಳು ತಳ್ಳಿಹಾಕುತ್ತಾರೆ ಅನ್ನೋ ಭಯ ಇತ್ತು. ಕೊನೆಗೆ 'ಕಾನೂನು ಹೇಳಿದ ಕ್ರಮ' ಅಂತಷ್ಟೇ ಉಳಿಯಿತು. ಕಾನೂನೇ ಅನ್ಯಾಯದ್ದಾದರೆ ಏನು ಮಾಡೋದು ಅಂತ ಸಭೆಯಲ್ಲಿ ತುಂಬಾ ಜನ ಸಿಟ್ಟಾದರು. ಅಂಬೇಡ್ಕರ್ ಅವರಿಗೂ ಸಮಾಧಾನ ಇರಲಿಲ್ಲ. 1949ರ ಸೆಪ್ಟೆಂಬರ್‌ನಲ್ಲಿ ಹೊಸ ವಿಧಿಯೊಂದನ್ನು ತಂದು, ಹಿಂದೆ ಆದ ನಷ್ಟಕ್ಕೆ ಇದು ಪರಿಹಾರ ಅಂದರು. ಅರೆಸ್ಟ್ ಆದವನಿಗೆ ಕಾರಣ ಹೇಳಬೇಕು, 24 ಗಂಟೆಯ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಒಳ್ಳೆಯದೇ. ಆದರೆ ಅದೇ ವಿಧಿಯಲ್ಲಿ ಮುನ್ನೆಚ್ಚರಿಕೆಯ ಬಂಧನವೂ ಬಂತು. ತಪ್ಪು ಮಾಡುವ ಮೊದಲೇ, ವಿಚಾರಣೆ ಇಲ್ಲದೆ ಮೂರು ತಿಂಗಳು ಕೂಡಿಹಾಕಬಹುದು. ಸಲಹಾ ಮಂಡಳಿ ಒಪ್ಪಿದರೆ ಇನ್ನೂ ಜಾಸ್ತಿ. ಬ್ರಿಟಿಷರ ಜೈಲಿನಿಂದ ಆಗಷ್ಟೇ ಹೊರಗೆ ಬಂದ ಜನ ಅದನ್ನು ಒಪ್ಪಿದರು. ದೇಶ ಒಡೆದು ರಕ್ತ ಹರಿದಿತ್ತು, ಗಾಂಧೀಜಿಯ ಕೊಲೆ ಆಗಿತ್ತು, ಹೆದರಿದ್ದರು. ಅರ್ಥ ಆಗುತ್ತೆ. ಆದರೂ ಅದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಯಾಕೆಂದರೆ ನಾವು ನಿಂತಿದ್ದ ಅದೇ ಜಾಗ. ತುರ್ತು ಪರಿಸ್ಥಿತಿ ಹೇರಿದಾಗ, 1975ರ ಜೂನ್ 26ರಂದು, ಸಂಸದೀಯ ಸಮಿತಿಯ ಸಭೆಗೆ ಅಂತ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅವರನ್ನು ಹಿಡಿದು ಹಾಕಿದ್ದು ಆ ಜೈಲಿಗೆ. ನಟಿ ಸ್ನೇಹಲತಾ ರೆಡ್ಡಿಯವರನ್ನೂ ಅಲ್ಲೇ ತಿಂಗಳುಗಟ್ಟಲೆ ಇಟ್ಟರು. ಅವರಿಗೆ ಅಸ್ತಮಾ ಇತ್ತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು, ಕೆಲವೇ ದಿನದಲ್ಲಿ ತೀರಿಕೊಂಡರು. ನಮ್ಮ ಹುಡುಗನೊಬ್ಬ ಸೆಲ್ಲಿನ ಗೋಡೆಗೆ ಕೈ ಇಟ್ಟು, "ಮಿಸ್, ಆ ಸಾಲು ಬೇರೆ ಥರ ಬರೆದಿದ್ರೆ ಇವರು ಬದುಕ್ತಿದ್ರಾ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುವರ್ಷ, 1978ರಲ್ಲಿ, ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಕ್ರಮ ನ್ಯಾಯವಾಗಿಯೂ ಇರಬೇಕು ಅಂದಿತು, ಬಿ.ಎನ್. ರಾವ್ ಬಿಟ್ಟುಬಂದಿದ್ದು ಸುತ್ತಿಬಳಸಿ ಮನೆಗೆ ಬಂತು ಅಂತ ಮಾತ್ರ ಹೇಳಿದೆ.

ಭಾಷೆಯ ವಿಷಯ ನಿಮಗೆ ಗೊತ್ತಿರುತ್ತೆ, ಉದ್ದ ಬರೆಯೋದಿಲ್ಲ. 1946ರ ಡಿಸೆಂಬರ್‌ನಲ್ಲಿ, ಸಭೆ ಶುರುವಾದ ಎರಡನೇ ದಿನವೇ, ಹಿಂದೂಸ್ತಾನಿ ಬರದವರಿಗೆ ಇಲ್ಲಿ ಜಾಗ ಇಲ್ಲ ಅನ್ನೋ ಮಾತು ಧುಲೇಕರ್ ಅವರಿಂದ ಬಂದಿತ್ತು. ಮದ್ರಾಸಿನ ಟಿ.ಟಿ. ಕೃಷ್ಣಮಾಚಾರಿ, ನಿಮಗೆ ಇಡೀ ಇಂಡಿಯಾ ಬೇಕೋ ಹಿಂದಿ ಇಂಡಿಯಾ ಬೇಕೋ ಅಂತ ಕೇಳಿಯೇಬಿಟ್ಟರು. 1949ರ ಸೆಪ್ಟೆಂಬರ್ 14ಕ್ಕೆ ಮುನ್ಷಿ ಮತ್ತು ಗೋಪಾಲಸ್ವಾಮಿ ಅಯ್ಯಂಗಾರ್ ಅವರ ಸೂತ್ರ ಪಾಸಾಯಿತು. ಹಿಂದಿ ಕೇಂದ್ರದ ಆಡಳಿತ ಭಾಷೆ, ಹದಿನೈದು ವರ್ಷ ಇಂಗ್ಲಿಷೂ ಇರಲಿ. 'ರಾಷ್ಟ್ರಭಾಷೆ' ಅನ್ನೋ ಪದವನ್ನು ಯಾವ ಭಾಷೆಗೂ ಕೊಡಲಿಲ್ಲ. 8ನೇ ಅನುಸೂಚಿಯಲ್ಲಿ ಕನ್ನಡವೂ ಸೇರಿ 14 ಭಾಷೆ ಬಂದವು. ಅಂಕಿಗಳನ್ನು ಯಾವ ರೂಪದಲ್ಲಿ ಬರೆಯಬೇಕು ಅನ್ನೋದಕ್ಕೂ ದೊಡ್ಡ ಜಗಳ ಆಗಿತ್ತು ಅಂದರೆ ಮಕ್ಕಳು ನಂಬಲೇ ಇಲ್ಲ. ಆ ಹದಿನೈದು ವರ್ಷ ಮುಗಿದಾಗ, 1965ರಲ್ಲಿ, ಮದ್ರಾಸಿನಲ್ಲಿ ಹಿಂದಿ ವಿರೋಧಿ ಗಲಭೆ ಎದ್ದಿದ್ದನ್ನೂ ಹೇಳಿದೆ. ಮುಂದೂಡೋದೂ ಒಂದು ಥರದ ರಾಜಿ. ಕೆಲವು ಸಲ ಅದರಿಂದ ಕೋಪ ತಣ್ಣಗಾಗುತ್ತೆ, ಕೆಲವು ಸಲ ಇನ್ನೊಂದು ತಲೆಮಾರಿನ ಮೇಲೆ ಬೀಳುತ್ತೆ. ನಮ್ಮ ಏಕೀಕರಣವನ್ನೂ ಹಾಗೇ ಮುಂದೂಡಿದ್ದರು. ಕನ್ನಡಿಗರು ಮೈಸೂರು, ಮುಂಬೈ, ಮದ್ರಾಸು, ಹೈದರಾಬಾದು, ಕೊಡಗು ಅಂತ ಹಂಚಿಹೋಗಿದ್ದರು. 1948ರ ಧಾರ್ ಆಯೋಗ ಭಾಷಾವಾರು ರಾಜ್ಯ ಈಗ ಬೇಡ ಅಂತು. ಆದರೆ ಹೊಸ ರಾಜ್ಯ ಮಾಡಲು ಸಂಸತ್ತಿನ ಸಾಮಾನ್ಯ ಬಹುಮತ ಸಾಕು ಅಂತ 3ನೇ ವಿಧಿಯಲ್ಲಿ ಬಾಗಿಲು ತೆರೆದಿಟ್ಟರು. ಆ ಬಾಗಿಲಿನಿಂದಲೇ 1956ರ ನವೆಂಬರ್ 1 ಬಂದಿದ್ದು.

ಇಷ್ಟಾದ ಮೇಲೆ ಮಕ್ಕಳೇ ಒಂದು ಸಭೆ ಮಾಡೋಣ ಅಂದರು. ವಿಷಯ ಗ್ರೌಂಡ್. ನಮಗಿರೋದು ಒಂದೇ ಗ್ರೌಂಡ್. ಪಿ.ಟಿ. ಪೀರಿಯಡ್‌ನಲ್ಲಿ ಗಂಡು ಹುಡುಗರು ಕ್ರಿಕೆಟ್ ಆಡುತ್ತಾರೆ, ಹೆಣ್ಣು ಹುಡುಗಿಯರು ಕಾಂಪೌಂಡ್ ಪಕ್ಕ ಬೇವಿನ ಮರದ ಕೆಳಗೆ ಕೂರುತ್ತಾರೆ. ವರ್ಷಗಳಿಂದ ಹಾಗೇ. ವೋಟ್ ಹಾಕೋಣ ಅಂತ ಹುಡುಗರು ಅಂದರು. ನವೆಂಬರ್‌ನಲ್ಲಿ ಪ್ರಶ್ನೆ ಕೇಳಿದ್ದ ಅದೇ ಹುಡುಗಿ ಎದ್ದಳು. "ನಮ್ಮ ಕ್ಲಾಸಲ್ಲಿ ಹುಡುಗರು 29, ನಾವು 17. ವೋಟ್ ಹಾಕಿದ್ರೆ ನಾವು ಯಾವಾಗ್ಲೂ ಸೋಲ್ತೀವಿ. ವೋಟ್ ಹಾಕೋಕೆ ಮುಂಚೆ ಯಾವುದನ್ನ ವೋಟಿಗೆ ಹಾಕಬಾರದು ಅಂತ ತೀರ್ಮಾನ ಆಗ್ಲಿ."

ಮಾನ್ಯರೇ, ಮೂಲಭೂತ ಹಕ್ಕು ಅಂದರೆ ಏನು ಅಂತ 22 ವರ್ಷ ನಾನು ಕೊಟ್ಟ ನೋಟ್ಸಿನಲ್ಲಿ ಈ ಮಾತು ಇರಲಿಲ್ಲ.

ಆವತ್ತು ನಾನು ಅವರಿಗೆ 1949ರ ಮೇ ತಿಂಗಳ ಕಥೆ ಹೇಳಿದೆ. ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಸ್ಥಾನ ಮೀಸಲಿಡೋಣ ಅಂತ 1947ರ ಆಗಸ್ಟ್‌ನಲ್ಲಿ ಒಪ್ಪಿಗೆಯಾಗಿತ್ತು. ದೇಶ ಒಡೆದ ಮೇಲೆ, ಪಟೇಲರ ಸಲಹಾ ಸಮಿತಿ ಧರ್ಮದ ಆಧಾರದ ಮೀಸಲು ಸ್ಥಾನಗಳನ್ನು ಕೈಬಿಟ್ಟಿತು. ಮುಸ್ಲಿಂ ಲೀಗಿನಿಂದ ಬಂದಿದ್ದ ಬೇಗಂ ಐಜಾಜ್ ರಸೂಲ್ ಅದನ್ನು ಒಪ್ಪಿದರು. ಮೀಸಲು ಸ್ಥಾನ ನಮ್ಮನ್ನು ಬಹುಸಂಖ್ಯಾತರಿಂದ ಶಾಶ್ವತವಾಗಿ ದೂರ ಇಡುತ್ತೆ ಅಂದರು. ಅದೇ ಲೀಗಿನ ಮದ್ರಾಸಿನ ಮಹಮ್ಮದ್ ಇಸ್ಮಾಯಿಲ್ ಕೊನೆಯವರೆಗೂ ಒಪ್ಪಲಿಲ್ಲ. ಇಬ್ಬರೂ ಸಭೆಯಲ್ಲಿ ಇದ್ದರು. ಕೈಯಲ್ಲಿದ್ದ ಒಂದು ಭರವಸೆಯನ್ನು ಬಿಟ್ಟು, ಎಲ್ಲರ ಜೊತೆ ನಿಲ್ಲುತ್ತೇವೆ ಅಂದವರಿಗೆ ಆ ಸಭೆ ಕೊಟ್ಟ ಮಾತು ಏನು? ಧರ್ಮ, ಭಾಷೆ, ಲಿಪಿ, ಸಂಸ್ಕೃತಿ, ಶಾಲೆ, ಇವು ನಿಮ್ಮವು, ಇವನ್ನು ಎಣಿಕೆಗೆ ಹಾಕೋದಿಲ್ಲ ಅಂತ. ಆ ಮಾತನ್ನು ಉಳಿಸಿಕೊಳ್ಳುವ ಜವಾಬ್ದಾರಿ ಈಗ ನಿಮ್ಮ ಕೈಯಲ್ಲಿದೆ. ಜಾಸ್ತಿ ಬಿಟ್ಟುಕೊಟ್ಟವರು ಕಡಿಮೆ ಜನ ಇದ್ದವರು ಅನ್ನೋದನ್ನು ದಯವಿಟ್ಟು ಮರೆಯಬೇಡಿ.

ಗ್ರೌಂಡ್ ವಿಷಯ ಏನಾಯಿತು ಅಂತ ಕೇಳಬಹುದು. ಮೂರು ಪೀರಿಯಡ್ ಜಗಳ ಆಯಿತು. ವಾರದಲ್ಲಿ ಎರಡು ದಿನ ಹುಡುಗಿಯರ ಥ್ರೋಬಾಲ್, ಉಳಿದ ದಿನ ಸುಣ್ಣದ ಗೆರೆ ಹಾಕಿ ಮೂರನೇ ಒಂದು ಭಾಗ ಅವರಿಗೆ. ಹುಡುಗರಿಗೆ ಬೌಂಡರಿ ಚಿಕ್ಕದಾಯಿತು ಅಂತ ಬೇಜಾರು. ಹುಡುಗಿಯರಿಗೆ ಅರ್ಧ ಸಿಗಲಿಲ್ಲ ಅಂತ ಬೇಜಾರು. ಆದರೆ ಗೆರೆ ಹಾಕಿದವರು ಇಬ್ಬರೂ ಸೇರಿ.

ನಾನು ನಿಮ್ಮನ್ನು ಕೇಳೋದು ತುಂಬಾ ಏನಲ್ಲ. ಸಂವಿಧಾನ ಸಭೆಯ ಚರ್ಚೆಗಳಿಂದ ಮಕ್ಕಳಿಗೆ ಅರ್ಥ ಆಗುವ ಹತ್ತಿಪ್ಪತ್ತು ಭಾಗ ಆರಿಸಿ, ಸುಲಭ ಕನ್ನಡಕ್ಕೆ ತಂದು, ಒಂದು ಚಿಕ್ಕ ಪುಸ್ತಕ ಮಾಡಿ ಪ್ರತಿ ಪ್ರೌಢಶಾಲೆಗೂ ಕೊಡಿ. ನಮ್ಮ ಶಾಲೆಯ ಬೀರುವಿನಲ್ಲಿ ಆ ಚರ್ಚೆಯ ಒಂದು ಪುಟವೂ ಇಲ್ಲ. ಗೆದ್ದವರ ಮಾತಿನ ಪಕ್ಕದಲ್ಲೇ ಸೋತವರ ಮಾತನ್ನೂ ಹಾಕಿ. ನಾನು ಜಂಗ್ಲಿ, ಆದಿವಾಸಿ ಅಂತ ಹೆಮ್ಮೆಯಿಂದ ಹೇಳಿಕೊಂಡು, ಈ ಸಲವಾದರೂ ನಿಮ್ಮ ಮಾತನ್ನು ನಂಬುತ್ತೇನೆ ಅಂದ ಜೈಪಾಲ್ ಸಿಂಗ್ ಇರಲಿ. 'ಸೆಕ್ಯುಲರ್, ಸೋಷಿಯಲಿಸ್ಟ್' ಅನ್ನೋ ಪದಗಳನ್ನು 1948ರಲ್ಲೇ ಸೇರಿಸಲು ಹೊರಟ ಕೆ.ಟಿ. ಷಾ ಇರಲಿ, ಅದನ್ನು ಅಂಬೇಡ್ಕರ್ ಯಾಕೆ ಒಪ್ಪಲಿಲ್ಲ ಅನ್ನೋದೂ ಇರಲಿ, 1976ರಲ್ಲಿ ಅವು ಹೇಗೆ ಬಂದವು ಅನ್ನೋದೂ ಇರಲಿ. ಏಕರೂಪ ನಾಗರಿಕ ಸಂಹಿತೆ ಬೇಕೇ ಬೇಕು ಅಂತ ಉಪಸಮಿತಿಯಲ್ಲಿ ಭಿನ್ನಮತ ಬರೆದ ಹಂಸಾ ಮೆಹ್ತಾ, ರಾಜಕುಮಾರಿ ಅಮೃತ್ ಕೌರ್, ಮೀನೂ ಮಸಾನಿ ಇರಲಿ, ಬೇಡ ಅಂದವರ ಹೆದರಿಕೆಯೂ ಇರಲಿ. ಟಿವಿಯಲ್ಲಿ ಮಕ್ಕಳು ಕೇಳೋದು ಇದರಲ್ಲಿ ಯಾವುದೋ ಒಂದು ತುಂಡನ್ನು ಮಾತ್ರ.

ಶಾಸಕರಿಗೆ ಇನ್ನೊಂದು ಮಾತು. ಮಸೂದೆಗಳು ಚರ್ಚೆಯೇ ಇಲ್ಲದೆ ಪಾಸಾದವು ಅಂತ ಪೇಪರಿನಲ್ಲಿ ಓದುವಾಗ ನನಗೆ 1949ರ ನವೆಂಬರ್ 25 ನೆನಪಾಗುತ್ತೆ. ಅಂಬೇಡ್ಕರ್ ಅವರ ಕೊನೆಯ ದೊಡ್ಡ ಭಾಷಣ. 7,635 ತಿದ್ದುಪಡಿಗಳ ಸೂಚನೆ ಬಂದಿತ್ತು, 2,473 ಸಭೆಯ ಮುಂದೆ ಬಂದವು ಅಂತ ಲೆಕ್ಕ ಕೊಟ್ಟರು. ಎಲ್ಲರೂ ಪಕ್ಷ ಹೇಳಿದ ಹಾಗೆ ತಲೆಯಾಡಿಸಿದ್ದರೆ ಈ ಸಭೆ ಸಪ್ಪೆ ಆಗಿರುತ್ತಿತ್ತು, ಪುಣ್ಯಕ್ಕೆ ಕೆಲವರು ಬಂಡಾಯಗಾರರಿದ್ದರು ಅಂದರು. ಅವರ ಸಲಹೆ ನಾನು ಒಪ್ಪದೆ ಇದ್ದಿರಬಹುದು, ಅದರಿಂದ ಆ ಸಲಹೆಯ ಬೆಲೆ ಕಡಿಮೆ ಆಗೋದಿಲ್ಲ ಅಂತ ಹೇಳಿ ಒಬ್ಬೊಬ್ಬರ ಹೆಸರು ಹಿಡಿದು ಕೃತಜ್ಞತೆ ಹೇಳಿದರು. ಆ ಪಟ್ಟಿಯಲ್ಲಿ ಮೊದಲ ಹೆಸರು ಕಾಮತ್ ಅವರದ್ದು.

ಇದನ್ನು ಕ್ಲಾಸಿನಲ್ಲಿ ಓದಿದಾಗ ಆ ಹುಡುಗಿ ಮತ್ತೆ ಕೈ ಎತ್ತಿದಳು. "ದೇವರ ವೋಟಲ್ಲಿ ಸೋತ ಮೇಲೆ ಅವರು ಸಭೆಗೆ ಬರೋದು ಬಿಟ್ರಾ ಮಿಸ್?"

ಬಿಡಲಿಲ್ಲ ಅಂದೆ. ನವೆಂಬರ್‌ನಲ್ಲಿ ಸಭೆ ಮತ್ತೆ ಸೇರಿದಾಗ ಕಾಮತ್ ಅಲ್ಲೇ ಇದ್ದರು. ಮೊದಲಿನ ಹಾಗೇ ಎದ್ದು ನಿಂತು, ಈ ಸಾಲು ಸರಿಯಿಲ್ಲ, ಆ ಪದ ಬದಲಾಗಬೇಕು ಅಂತ ಮಾತಾಡುತ್ತಲೇ ಇದ್ದರು.

ಮಾರನೇ ದಿನ ಪ್ರೇಯರ್‌ನಲ್ಲಿ ಪೀಠಿಕೆ ಹೇಳಿಸುವ ಸರದಿ ಅವಳದಾಗಿತ್ತು. 'ನಾವು' ಅಂದ ಮೇಲೆ ಅವಳು ಒಂದು ಗಳಿಗೆ ನಿಂತಳು. ಮಕ್ಕಳೂ ಕಾದರು. ಆಮೇಲೆ ಮುಂದಿನ ಪದ ಹೇಳಿದಳು.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ತುಮಕೂರು ಜಿಲ್ಲೆಯ ಒಬ್ಬ ಸಮಾಜ ವಿಜ್ಞಾನ ಶಿಕ್ಷಕಿ